ಕ್ರೇಟಿನಲ್ಲಿದ್ದ ಕರಿಯ ನೀರು ಕುಡಿಯದೇ ಇದ್ದದ್ದು: ಉಡುಪಿ ಕಡೆಯ ಒಂದು ಕೇಸ್

ಇದು ಬೇಸಿಗೆಯಲ್ಲಿ ಉಡುಪಿ ಹತ್ರದ ಒಂದು ಮನೆಯಲ್ಲಿ ನಡೆದದ್ದು. ಮನೆಯವರ ಒಪ್ಪಿಗೆ ತಗೊಂಡೇ ಬರೆಯುದು, ಹೆಸರು ಯಾವುದೂ ಇಲ್ಲ, ಊರೂ ಹೇಳುದಿಲ್ಲ, ಸಮುದ್ರದಿಂದ ಒಂದೆರಡು ಕಿಲೋಮೀಟರ್ ಒಳಗೆ ಅಂತ ಮಾತ್ರ ನೆನಪಿಟ್ಕೊಳ್ಳಿ, ಅದು ಮುಂದೆ ಬೇಕಾಗ್ತದೆ. ನಾಯಿಯನ್ನು ಇಲ್ಲಿ ಕರಿಯ ಅಂತ ಕರೀತೇನೆ, ಅದರ ನಿಜವಾದ ಹೆಸರು ಬೇರೆ. ನೋಡಿಕೊಂಡವರನ್ನು ಅಕ್ಕ ಅಂತ, ಅವರ ಅತ್ತೆಯನ್ನು ಅಮ್ಮ ಅಂತ, ನಾವು ಆ ಮನೆಯಲ್ಲಿ ಕರೆಯುದೂ ಹಾಗೆಯೇ. ನಾವು ಅಂದ್ರೆ ಪೆಟ್ಟಾದ ಬೀದಿ ನಾಯಿಗಳನ್ನು ಆಸ್ಪತ್ರೆಗೆ ಸಾಗಿಸಿ ಗುಣ ಆಗುವ ತನಕ ಯಾರದ್ದಾದ್ರೂ ಮನೆಯಲ್ಲಿ ಇಡಿಸುವ ಕೆಲವು ಜನ, ದೊಡ್ಡ ಸಂಸ್ಥೆ ಎಲ್ಲ ಅಲ್ಲ.

ಕರಿಯ ಊರಿನ ಮಾಮೂಲಿ ನಾಯಿ, ಗಂಡು, ಸುಮಾರು 16 ಕೆಜಿ. ಹೈವೇ 66ರಲ್ಲಿ ರಾತ್ರಿ ಯಾವುದೋ ಗಾಡಿ ಹೊಡೆದು ಹಿಂಗಾಲಿನ ತೊಡೆ ಮೂಳೆ ಮುರಿದಿತ್ತು. ಆಪರೇಶನ್ ಮಾಡಿ ಪ್ಲೇಟ್ ಹಾಕಿದ್ರು. ಡಾಕ್ಟ್ರು ಹೇಳಿದ್ದು ಆರರಿಂದ ಎಂಟು ವಾರ ಕ್ರೇಟ್ ರೆಸ್ಟ್, ಅಂದ್ರೆ ತಂತಿಯ ಗೂಡಿನೊಳಗೇ ಇಟ್ಟು ವಿಶ್ರಾಂತಿ, ಓಡುವ ಹಾಗಿಲ್ಲ, ಹಾರುವ ಹಾಗಿಲ್ಲ, ಮೆಟ್ಟಿಲು ಹತ್ತುವ ಹಾಗಿಲ್ಲ, ಸ್ಟಿಚ್ ನೆಕ್ಕಬಾರದು ಅಂತ ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್, ಮತ್ತೆ ನೋವಿಗೆ ಮೆಲಾಕ್ಸಿಕ್ಯಾಮ್. ಈ ಮೂರೂ, ಅಂದ್ರೆ ಕ್ರೇಟ್, ಕೋನ್, ಮೆಲಾಕ್ಸಿಕ್ಯಾಮ್, ಬೇರೆ ಬೇರೆ ನೋಡಿದ್ರೆ ಸರಿಯಾದ ಚಿಕಿತ್ಸೆಯೇ, ಆದ್ರೆ ಮೂರೂ ಸೇರಿದಲ್ಲಿ ನೀರಿನ ವಿಷಯ ಎಷ್ಟು ಸೂಕ್ಷ್ಮ ಆಗ್ತದೆ ಅಂತ ತೋರಿಸ್ಲಿಕ್ಕೆ ಈ ಕೇಸ್ ಬರೀತಿದ್ದೇನೆ.

ಅಕ್ಕ ಕೆಲಸಕ್ಕೆ ಹೋಗುವವರು, ಬೆಳಿಗ್ಗೆ ಎಂಟೂವರೆಗೆ ಹೊರಟ್ರೆ ಸಂಜೆ ಆರು ಗಂಟೆ ಆಗ್ತದೆ ಬರುವಾಗ. ಗಂಡ ಗಲ್ಫ್‌ನಲ್ಲಿ. ಮನೆಯಲ್ಲಿ ಹಗಲು ಅಮ್ಮ ಒಬ್ರೇ, ಎಪ್ಪತ್ತು ದಾಟಿದವರು, ಸೊಂಟ ನೋವು, ಆದ್ರೆ ನಾಯಿ ಬೆಕ್ಕು ದನ ಎಲ್ಲ ಸಾಕಿ ಗೊತ್ತಿದ್ದವರು. ಕ್ರೇಟ್ ಕಬ್ಬಿಣದ ತಂತಿಯದ್ದು, 42 ಇಂಚಿನದ್ದು, ಕರಿಯ ಅದರೊಳಗೆ ಆರಾಮಾಗಿ ತಿರುಗಬಹುದಿತ್ತು. ಇಟ್ಟದ್ದು ಸಿಟೌಟಿನಲ್ಲಿ, ಮೇಲೆ ಶೀಟು. ಮನೆಯೊಳಗೆ ನಾಯಿ ಬರುದು ಅಂತ ಆ ಮನೆಯಲ್ಲಿ ಮೊದಲಿಂದ ಇರ್ಲಿಲ್ಲ, ಇಲ್ಲಿ ಹೆಚ್ಚಿನ ಮನೆಗಳಲ್ಲಿ ಹಾಗೆಯೇ ಅಲ್ವಾ, ನಾಯಿಗೂಡು ಅಂಗಳದಲ್ಲಿ ಇರುವುದು, ಅವರು ಸಿಟೌಟಿಗೆ ತಂದದ್ದೇ ದೊಡ್ಡ ಮನಸ್ಸು.

ಸುರುವಿಗೆ ನೆಲದ ಮೇಲೆ ಸ್ಟೀಲ್ ಬಟ್ಟಲು ಇಟ್ಟದ್ದು. ಮೊದಲ ದಿನವೇ ಕೋನ್ ತಾಗಿ ಬಟ್ಟಲು ಮಗುಚಿತು, ಹಾಸಿದ ಗೋಣಿ ಒದ್ದೆ, ನಾಯಿ ಅದರ ಮೇಲೆಯೇ ಮಲಗಿ ಹೊಲಿಗೆ ಹಾಕಿದ ಜಾಗ ಒದ್ದೆ. ಡಿಸ್ಚಾರ್ಜ್ ಮಾಡುವಾಗ ಡಾಕ್ಟ್ರು ಗಟ್ಟಿಯಾಗಿ ಹೇಳಿ ಕಳಿಸಿದ್ದು ಒಂದೇ ಮಾತು, ಹೊಲಿಗೆ ತೆಗೆಯುವ ತನಕ ಒದ್ದೆ ಆಗ್ಬಾರದು ಅಂತ. ಅಮ್ಮನಿಗೆ ಆ ಮಾತು ತಲೆಯಲ್ಲಿ ಕೂತಿತು. ಹಾಗಾಗಿ ಬಟ್ಟಲು ಹೊರಗೆ ಹೋಯ್ತು. ಪೇಟೆಯ ಒಂದು ಅಂಗಡಿಯಿಂದ ಬಾಟ್ಲಿ ತಂದ್ರು, ಮೊಲದ ಗೂಡಿಗೆ ಸಿಕ್ಕಿಸ್ತಾರಲ್ಲ, ತುದಿಯಲ್ಲಿ ಸ್ಟೀಲ್ ಗುಂಡು ಇರುವ ನಳಿಗೆ, ನಾಲಿಗೆಯಿಂದ ಗುಂಡನ್ನು ದೂಡಿದ್ರೆ ಹನಿ ಹನಿ ನೀರು ಬರ್ತದೆ, ಅಂಥದ್ದು. ದೊಡ್ಡ ಸೈಜ್, ನಾಯಿಗೆ ಅಂತಲೇ ಮಾರುದು. ಅದೇ ವಾರ ಅನ್ನ ಕೋಳಿ ಕೊಡುದನ್ನೂ ನಿಲ್ಲಿಸಿ ಡ್ರೈ ಫುಡ್ ಸುರು ಮಾಡಿದ್ರು, ಯಾಕಂದ್ರೆ ಕೋನ್‌ಗೆಲ್ಲ ಅನ್ನ ಮೆತ್ತಿ ಇರುವೆ ಬರ್ತಿತ್ತು.

ಈ ಎರಡೂ ತೀರ್ಮಾನಕ್ಕೆ ಕಾರಣ ಇತ್ತು, ಒಳ್ಳೆಯ ಕಾರಣವೇ. ಹೊರಗಿಂದ ನೋಡಿದವರಿಗೆ ನಾಯಿಗೆ ನೀರಿಡದ ಮನೆ ಅಂತ ಕಾಣಬಹುದು, ಪಕ್ಕದ ಮನೆಯವರೊಬ್ಬರು ಹಾಗೆ ಹೇಳಿದ್ರು ಕೂಡ, ಗೂಡಲ್ಲಿ ಕೂಡಿ ಹಾಕಿ ಹಿಂಸೆ ಕೊಡ್ತೀರಿ, ಕಂಪ್ಲೇಂಟ್ ಕೊಡ್ತೇವೆ ಅಂತ. ಕಾನೂನು ಉಂಟು, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್, ಸಾಕುವವರು ಸಾಕಷ್ಟು ತಿನ್ಲಿಕ್ಕೆ ಕುಡಿಯಲಿಕ್ಕೆ ಕೊಡದಿದ್ರೆ ಅದು ಅಪರಾಧವೇ. ಆದ್ರೆ ಇಲ್ಲಿ ನೀರು ಇತ್ತು. ಬಾಟ್ಲಿ ತುಂಬ ಇತ್ತು. ಅದೇ ಈ ಕೇಸಿನ ಕಷ್ಟ, ಕಣ್ಣಿಗೆ ನೀರು ಕಾಣ್ತಾ ಇತ್ತು, ಬಾಟ್ಲಿಯಲ್ಲಿ ಮಟ್ಟ ಇಳಿಯುದೂ ಕಾಣ್ತಾ ಇತ್ತು, ಸಂಜೆ ಅಕ್ಕ ಬಂದು ನೋಡಿದ್ರೆ ಅರ್ಧಕ್ಕಿಂತ ಹೆಚ್ಚು ಖಾಲಿ, ಹಾಗಾಗಿ ಯಾರಿಗೂ ಸಂಶಯ ಬರುವ ಹಾಗೆಯೇ ಇರ್ಲಿಲ್ಲ.

ಸಂಶಯ ಬಂದದ್ದು ಅಮ್ಮನಿಗೆ. ಫೋನ್ ಮಾಡಿ ಹೇಳಿದ್ರು, "ಮಾರಾಯ್ರೆ, ಇದರ ಮೂತ್ರ ಕಟ್ಟ ಚಾದ ಹಾಗೆ ಬರ್ತದೆ, ವಾಸನೆ ಕೂಡ ತುಂಬ. ಬಾಟ್ಲಿ ಖಾಲಿ ಆಗ್ತದೆ, ಆದ್ರೆ ನಾನು ಇಷ್ಟು ಹೊತ್ತು ಎದುರಲ್ಲೇ ಕೂತುಕೊಳ್ತೇನೆ, ಅದು ನೀರು ಕುಡಿದದ್ದು ನಾನು ನೋಡಿದ್ದೇ ಕಡಿಮೆ." ಮತ್ತೆ ತುಳುವಿನಲ್ಲಿ, "ನೀರ್ ಪರ್ಪುಜಿ," ನೀರು ಕುಡಿಯುದಿಲ್ಲ ಅಂತ. ಅಮ್ಮನಿಗೆ ಲೆಕ್ಕ ಗೊತ್ತಿರ್ಲಿಲ್ಲ, ಆದ್ರೆ ಕಣ್ಣು ಸರಿಯಾದ ಕಡೆ ಇತ್ತು, ಅವರು ನೋಡಿದ್ದು ಬಾಟ್ಲಿಯನ್ನಲ್ಲ, ನಾಯಿಯನ್ನು.

ಮರುದಿನ ಹೋಗಿ ಮಾಡಿದ್ದು ಇಷ್ಟೇ. ಬಾಟ್ಲಿಯ ನಳಿಗೆ ಕೆಳಗೆ, ಕ್ರೇಟಿನ ಹೊರಗಿನಿಂದ, ಒಂದು ತಟ್ಟೆ ಇಟ್ಟದ್ದು. ಬೆಳಿಗ್ಗೆಯಿಂದ ಸಂಜೆಗೆ ಬಾಟ್ಲಿಯಲ್ಲಿ ಇಳಿದದ್ದು 350 ಎಂಎಲ್. ತಟ್ಟೆಯಲ್ಲಿ ಬಿದ್ದು ಸಿಕ್ಕಿದ್ದು 220. ಹೊಟ್ಟೆಗೆ ಹೋದದ್ದು ಹೆಚ್ಚಂದ್ರೆ 130 ಎಂಎಲ್, ಅದೂ ಏಪ್ರಿಲ್ ಬಿಸಿಲಲ್ಲಿ ಶೀಟಿನ ಅಡಿಯಲ್ಲಿ ಇಡೀ ದಿನ. ಹಿಂದಿನ ದಿನಗಳಲ್ಲಿ ಆ ಸೋರಿದ ನೀರು ಕೆಳಗಿನ ಪೇಪರ್ ಹೀರಿಕೊಳ್ತಿತ್ತು, ಸಂಜೆಗೆ ಒಣಗಿ ಹೋಗ್ತಿತ್ತು, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹೇಳ್ತೇನೆ, ಇದು ಎಲ್ಲರಿಗೂ ಉಪಯೋಗ ಆಗುವಂಥದ್ದು. ಆರೋಗ್ಯದಲ್ಲಿರುವ ನಾಯಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ ಸುಮಾರು 50ರಿಂದ 60 ಎಂಎಲ್ ನೀರು ಬೇಕು, ಸೆಕೆಗೆ ಇನ್ನೂ ಹೆಚ್ಚು. ಕರಿಯನಿಗೆ ಅಂದ್ರೆ 800ರಿಂದ 950 ಎಂಎಲ್. ಆದ್ರೆ ಇದು ಊಟದಲ್ಲಿರುವ ನೀರೂ ಸೇರಿಸಿ. ಬೇಯಿಸಿದ ಅನ್ನ, ಕೋಳಿಯಲ್ಲಿ ತೂಕದ ಮೂರರಲ್ಲಿ ಎರಡು ಪಾಲು ಹತ್ರ ಹತ್ರ ನೀರೇ ಇರುದು, ಅರ್ಧ ಕೆಜಿ ಊಟ ತಿಂದ್ರೆ 300 ಎಂಎಲ್‌ಗಿಂತ ಹೆಚ್ಚು ನೀರು ಗೊತ್ತಾಗದೇ ಒಳಗೆ ಹೋಯ್ತು. ಡ್ರೈ ಫುಡ್‌ನಲ್ಲಿ ನೂರಕ್ಕೆ ಹತ್ತರಷ್ಟು ಮಾತ್ರ. ಅಂದ್ರೆ ಊಟ ಬದಲಾಯಿಸಿದ ದಿನದಿಂದ ಕರಿಯ ಬಾಯಲ್ಲಿ ಕುಡಿಯಬೇಕಾದ ನೀರು ಹೆಚ್ಚಾಯ್ತು, ಅದೇ ವಾರ ಕುಡಿಯುವ ದಾರಿ ಸಣ್ಣದಾಯ್ತು.

ಮತ್ತೆ ಬಾಟ್ಲಿ ಯಾಕೆ ಆಗುದಿಲ್ಲ ಅಂತ. ನಾಯಿ ನೀರು ಕುಡಿಯುವಾಗ ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ನೀರಿಗೆ ಹೊಡೀತದೆ, ಬೇಗ ಮೇಲೆ ಎಳೀತದೆ, ಆಗ ನಾಲಿಗೆಯ ಜೊತೆ ಒಂದು ನೀರಿನ ಕಂಬ ಎದ್ದು ಬರ್ತದೆ, ಅದು ಬೀಳುವ ಮೊದಲು ಬಾಯಿ ಮುಚ್ತದೆ. ಮೊಬೈಲ್‌ನಲ್ಲಿ ಸ್ಲೋ ಮೋಶನ್ ತೆಗೆದು ನೋಡಿ, ಚಂದ ಕಾಣ್ತದೆ. ಇದಕ್ಕೆ ಅಗಲವಾದ ನೀರಿನ ಮೇಲ್ಮೈ ಬೇಕು. ನಳಿಗೆಯ ತುದಿಯಲ್ಲಿ ಅದು ಇಲ್ಲ, ನೆಕ್ಕಬೇಕು, ನೆಕ್ಕಿದ್ದರಲ್ಲಿ ಸ್ವಲ್ಪ ನಾಲಿಗೆಗೆ ಉಳಿದದ್ದು ಕೆಳಗೆ. ಕೆಲವು ನಾಯಿಗಳು ಅಭ್ಯಾಸ ಮಾಡಿಕೊಳ್ತವೆ, ಇಲ್ಲ ಅಂತಲ್ಲ, ಆದ್ರೆ ನೋವಿನಲ್ಲಿದ್ದು ಕುತ್ತಿಗೆಗೆ ಕೋನ್ ಕಟ್ಟಿಸಿಕೊಂಡ ನಾಯಿಗೆ ಹೊಸ ವಿದ್ಯೆ ಕಲಿ ಅಂತ ಹೇಳುವ ಸಮಯ ಅದಲ್ಲ. ಬಾಟ್ಲಿಯನ್ನು ಎಕ್ಸ್‌ಟ್ರಾ ಅಂತ ಇಡಿ, ಅದೊಂದನ್ನೇ ನಂಬಿ ಇಡೀ ದಿನ ಬಿಡಬೇಡಿ, ಇದು ನನ್ನ ಗಟ್ಟಿ ಅಭಿಪ್ರಾಯ.

ಅದೇ ಸಂಜೆ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ವಿ. ಒಸಡು ಮುಟ್ಟಿದ್ರೆ ಬೆರಳಿಗೆ ಅಂಟುತ್ತಿತ್ತು, ಜಾರಬೇಕಿತ್ತು ಅದು. ಭುಜದ ಮೇಲಿನ ಚರ್ಮ ಎತ್ತಿ ಬಿಟ್ರೆ ಕೂಡ್ಲೇ ಕೂರ್ಲಿಲ್ಲ. ಮೂತ್ರದ ಸ್ಪೆಸಿಫಿಕ್ ಗ್ರಾವಿಟಿ, ಅಂದ್ರೆ ಮೂತ್ರ ಎಷ್ಟು ಗಟ್ಟಿ ಉಂಟು ಅನ್ನುವ ಅಳತೆ, 1.050 ದಾಟಿತ್ತು, ರಕ್ತದಲ್ಲಿ ಕ್ರಿಯಾಟಿನಿನ್, ಕಿಡ್ನಿ ಹೊರಗೆ ಹಾಕಬೇಕಾದ ಕಸ ಅದು, ಸ್ವಲ್ಪ ಮೇಲೆ. ಡಾಕ್ಟ್ರು ವಿವರಿಸಿದ್ದು, ಮೂತ್ರ ಇಷ್ಟು ಗಟ್ಟಿ ಮಾಡ್ತಾ ಉಂಟು ಅಂದ್ರೆ ಕಿಡ್ನಿ ಇನ್ನೂ ಕೆಲಸ ಮಾಡ್ತಾ ಉಂಟು, ನೀರಿಲ್ಲದೆ ಒದ್ದಾಡ್ತಾ ಉಂಟು ಅಷ್ಟೇ, ಆದ್ರೆ ಈ ಸ್ಥಿತಿಯಲ್ಲಿ ಮೆಲಾಕ್ಸಿಕ್ಯಾಮ್ ಮುಂದುವರಿಸಿದ್ರೆ ನಿಜವಾದ ಡ್ಯಾಮೇಜ್ ಆಗ್ಬಹುದು ಅಂತ. ಆ ಗುಂಪಿನ ನೋವಿನ ಔಷಧಿಗಳು ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡ್ತವೆ, ನೀರು ಸರಿ ಇದ್ದ ನಾಯಿ ತಡ್ಕೊಳ್ತದೆ, ಒಣಗಿದ ನಾಯಿ ತಡ್ಕೊಳ್ಳುದಿಲ್ಲ. ಕೂಡ್ಲೇ ಅದನ್ನು ನಿಲ್ಲಿಸಿ ಬೇರೆ ನೋವಿನ ಔಷಧಿ ಬರೆದ್ರು, ಚರ್ಮದಡಿ ಡ್ರಿಪ್ ಕೊಟ್ರು. ಇದೇ ಕೇಸಿನ ದೊಡ್ಡ ತಿರುವು. ಕಾಲಿನ ನೋವು ಅಂತ ಕೊಡುವ ಔಷಧಿಗೂ ಕುಡಿಯುವ ನೀರಿಗೂ ಇಷ್ಟು ಹತ್ರದ ಸಂಬಂಧ ಉಂಟು ಅಂತ ಆ ಮನೆಯಲ್ಲಿ ಯಾರಿಗೂ ಗೊತ್ತಿರ್ಲಿಲ್ಲ, ಡಿಸ್ಚಾರ್ಜ್ ಚೀಟಿಯಲ್ಲಿ ಕೂಡ ಒಂದು ಸಾಲು ಇರ್ಲಿಲ್ಲ. (ಮನುಷ್ಯರ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎಲ್ಲ ನಾಯಿಗೆ ಮನೆಯಲ್ಲೇ ಕೊಡುವವರು ಈಗಲೂ ಇದ್ದಾರೆ. ದಯವಿಟ್ಟು ಕೊಡಬೇಡಿ, ನೀರು ಸರಿ ಇದ್ರೂ ಕೊಡಬೇಡಿ.)

ಇನ್ನು ಕ್ರೇಟಿನೊಳಗೆ ನೀರು ಹೇಗೆ ಇಡುದು ಅನ್ನುವ ಪ್ರಶ್ನೆ. ಎಲ್ಲರೂ ಸೇರಿ ಯೋಚನೆ ಮಾಡಿದ್ದು ಇದಕ್ಕೇ ಹೆಚ್ಚು. ಮೊದಲು ತಂದದ್ದು ತಂತಿಗೆ ಸ್ಕ್ರೂ ಹಾಕಿ ಟೈಟ್ ಮಾಡುವ ಸ್ಟೀಲ್ ಬಟ್ಟಲು, ಗಿಳಿ ಗೂಡಿಗೂ ಇದೇ ಹಾಕ್ತಾರೆ. ಮಗುಚುದಿಲ್ಲ, ಅದು ಸರಿ. ಹಾಕಿದ್ದು ಮೂಲೆಗೆ, ಜಾಗ ಉಳೀತದೆ ಅಂತ. ಕರಿಯ ಬಂದು ಮೂಸಿತು, ತಲೆ ಬಗ್ಗಿಸಿತು, ಕೋನ್‌ನ ಅಂಚು ಎರಡೂ ಬದಿಯ ತಂತಿಗೆ ಟಕ್ ಅಂತ ತಾಗಿ ನಿಂತಿತು, ಮೂತಿ ನೀರಿನಿಂದ ನಾಲ್ಕು ಬೆರಳು ದೂರ. ಪುನಃ ಪ್ರಯತ್ನ ಮಾಡಿತು, ಪುನಃ ಟಕ್. ಮತ್ತೆ ಹೋಗಿ ಮಲಗಿತು. ನೀರು ಬೇಡ ಅಂತ ಮಲಗಿದ್ದಲ್ಲ ಅದು, ಎದುರಲ್ಲಿ ಕೂತು ನೋಡಿದವರಿಗೆ ಮಾತ್ರ ಗೊತ್ತಾಗುವ ವಿಷಯ. ಸಂಜೆ ಬಂದು ತುಂಬಿದ ಬಟ್ಟಲು ನೋಡಿದವರು ಬಾಯಾರಿಕೆ ಇರ್ಲಿಕ್ಕಿಲ್ಲ ಅಂತಲೇ ಅಂದುಕೊಳ್ಳುದು.

ಕೋನ್ ತೆಗೆದುಬಿಡುವ ಅಂತ ಅಕ್ಕ ಹೇಳಿದ್ರು. ಯಾರಾದ್ರೂ ಎದುರಲ್ಲಿ ಇರುವಾಗ ತೆಗೆದು ನೀರು ಕೊಟ್ಟು ಪುನಃ ಹಾಕುದು ಸರಿ, ಆದ್ರೆ ಅಮ್ಮನಿಗೆ ಬಗ್ಗಿ ಆ ಬಟನ್ ಎಲ್ಲ ಹಾಕ್ಲಿಕ್ಕೆ ಆಗುದಿಲ್ಲ, ಮರೆತು ಹೋಗಿ ನಾಯಿ ಹೊಲಿಗೆ ಬಿಚ್ಚಿದ್ರೆ ಪುನಃ ಆಪರೇಶನ್ ಟೇಬಲ್. ಕೋನ್ ಇದ್ದೂ ಕುಡಿಯುವ ಹಾಗೆ ಮಾಡ್ಬೇಕಿತ್ತು. ಆಮೇಲೆ ಹೊಳೆದದ್ದು, ಬಟ್ಟಲು ಕೋನ್‌ಗಿಂತ ಸಣ್ಣ ಇದ್ರೆ ಕೋನ್ ಬಟ್ಟಲಿನ ಹೊರಗಿಂದ ಇಳೀತದೆ, ಬಟ್ಟಲು ಕೋನ್‌ನ ಒಳಗೆ ಬರ್ತದೆ. ಅಂದ್ರೆ ಅಗಲ ಕಡಿಮೆ, ಆಳ ಹೆಚ್ಚು ಇರುವ ಬಟ್ಟಲು, ಮೂಲೆಯಲ್ಲಿ ಅಲ್ಲ ಉದ್ದದ ಬದಿಯ ನಡುವಿನಲ್ಲಿ, ತಂತಿಯಿಂದ ಸ್ವಲ್ಪ ಈಚೆಗೆ ಇರುವ ಹಾಗೆ, ಎತ್ತರ ನಾಯಿ ನಿಂತಾಗ ಎದೆಯ ಮಟ್ಟಕ್ಕೆ. ತಂತಿಗೂ ಬಟ್ಟಲಿಗೂ ನಡುವೆ ಒಂದು ಮರದ ತುಂಡು ಕೊಟ್ಟು ಸ್ಕ್ರೂ ಮಾಡಿದ್ರು, ಅಕ್ಕನ ಮನೆ ಹತ್ರದ ಬಡಗಿಯೊಬ್ಬರು ಐದು ನಿಮಿಷದಲ್ಲಿ ಮಾಡಿಕೊಟ್ಟ ಕೆಲಸ. ಎತ್ತರದಿಂದ ಇನ್ನೊಂದು ಉಪಕಾರ ಆಯ್ತು, ಕೋನ್ ಕಟ್ಟಿಕೊಂಡು ನೆಲಕ್ಕೆ ಬಗ್ಗುವ ಕಷ್ಟ ತಪ್ಪಿತು. ಆ ದಿನ ಕರಿಯ ಮುಕ್ಕಾಲು ಬಟ್ಟಲು ಒಂದೇ ಸಲಕ್ಕೆ ಕುಡಿದು ಕೋನ್ ತುಂಬ ನೀರು ಮಾಡಿಕೊಂಡು ತಲೆ ಎತ್ತಿತು. ಅಮ್ಮ ಚಪ್ಪಾಳೆ ಹೊಡೆದ್ರು.

ಹೊರಗಿಂದಲೇ ತುಂಬಿಸುವ ಹಾಗೂ ಮಾಡಿದ್ವಿ. ಬಾಗಿಲು ತೆಗೆದ್ರೆ ಕರಿಯ ನುಗ್ಗುತ್ತಿತ್ತು, ಅಮ್ಮನ ಕೈಯಲ್ಲಿ ಹಿಡಿಯಲಿಕ್ಕೆ ಆಗುವ ನಾಯಿ ಅಲ್ಲ, ಕಾಲು ಜಾರಿದ್ರೆ ಪ್ಲೇಟ್ ಹೋಯ್ತು. ವಿಮಾನದಲ್ಲಿ ನಾಯಿ ಕಳಿಸುವ ಬಾಕ್ಸ್‌ಗೆ ಐಎಟಿಎ (ವಿಮಾನ ಕಂಪೆನಿಗಳ ಅಂತರರಾಷ್ಟ್ರೀಯ ಸಂಘ) ನಿಯಮದಲ್ಲಿ ಇದು ಇರುವಂಥದ್ದೇ, ನೀರಿನ ಪಾತ್ರೆ ಒಳಗೆ ಫಿಕ್ಸ್ ಆಗಿರ್ಬೇಕು, ಬಾಗಿಲು ತೆಗೆಯದೇ ಹೊರಗಿಂದ ನೀರು ಹಾಕ್ಲಿಕ್ಕೆ ಆಗ್ಬೇಕು ಅಂತ. ಮನೆಯ ಕ್ರೇಟಿಗೆ ಯಾರೂ ಆ ನಿಯಮ ಹಾಕುದಿಲ್ಲ, ಆದ್ರೆ ಕಾರಣ ಅದೇ. ಇಲ್ಲಿ ಗಿಡಕ್ಕೆ ನೀರು ಹಾಕುವ ಉದ್ದ ಮೂತಿಯ ಪ್ಲಾಸ್ಟಿಕ್ ಕ್ಯಾನ್ ಒಂದು ಹೊಸತ್ತು ತಂದು ತಂತಿಯ ಸಂದಿಯಿಂದ ಬಟ್ಟಲಿಗೆ ಎರೆಯುದು, ಅಮ್ಮ ಕುರ್ಚಿಯಲ್ಲಿ ಕೂತುಕೊಂಡೇ ಮಾಡ್ತಿದ್ರು.

ನೀರು ಹೆಚ್ಚಾದ ಮೇಲೆ ಮೂತ್ರದ ಪ್ರಶ್ನೆ ಬಂತು. ಮೊದಲು ದಿನಕ್ಕೆ ಎರಡು ಸಲ, ಅಕ್ಕ ಹೋಗುವ ಮೊದಲು ಮತ್ತು ಬಂದ ಮೇಲೆ, ಹೊಟ್ಟೆಯ ಅಡಿ ಟವೆಲ್ ಕೊಟ್ಟು ಎತ್ತಿ ಅಂಗಳಕ್ಕೆ ಕರ್ಕೊಂಡು ಹೋಗ್ತಿದ್ರು. ಕರಿಯ ಗೂಡಿನೊಳಗೆ ಮಾಡುವ ನಾಯಿ ಅಲ್ಲ, ಕಟ್ಟಿಕೊಂಡು ಕೂರ್ತಿತ್ತು. ಅಮ್ಮ ಒಪ್ಪಿಕೊಂಡ್ರು, ಮಧ್ಯಾಹ್ನ ನೀರು ಕೊಡುವಾಗ ಅವರೂ ಸ್ವಲ್ಪ ಕೈ ಹಿಡಿದದ್ದು ಉಂಟಂತೆ, ಕುಡಿದ್ರೆ ಒಳಗೆ ಮಾಡೀತು, ಹೊಲಿಗೆ ಒದ್ದೆ ಆದೀತು ಅಂತ ಹೆದರಿಕೆ. ಬೈಯುವ ವಿಷಯ ಅಲ್ಲ ಇದು. ನೀರು ಕಡಿಮೆ ಕೊಡಬೇಡಿ ಅಂತ ಹತ್ತು ಸಲ ಹೇಳಿದ್ರೂ ಆ ಹೆದರಿಕೆ ಹೋಗುದಿಲ್ಲ, ಹೊರಗೆ ಕರ್ಕೊಂಡು ಹೋಗುವವರು ಇದ್ರೆ ಹೋಗ್ತದೆ. ನಮ್ಮ ಒಬ್ಬ ಹುಡುಗ, ಮಣಿಪಾಲದಲ್ಲಿ ಓದುವವ, ಮಧ್ಯಾಹ್ನ ಒಂದೂವರೆಗೆ ಬಂದು ಹೋಗ್ಲಿಕ್ಕೆ ಸುರು ಮಾಡಿದ. ರಾತ್ರಿ ಹತ್ತೂವರೆಗೆ ಅಕ್ಕ ಇನ್ನೊಂದು ಸಲ. ದಿನಕ್ಕೆ ನಾಲ್ಕು ಸಲ ಆಯ್ತು. ಕುಡಿಯುದು ತನ್ನಿಂದ ತಾನೇ ಏರಿತು, ಬಟ್ಟಲಿನ ವಿಷಯದಲ್ಲಿ ಏನೂ ಬದಲಾಯಿಸದೇ.

ರಾತ್ರಿ ನೀರು ತೆಗೆದಿಡ್ಬೇಕು ಅಂತ ಅಕ್ಕ ಎಲ್ಲೋ ಓದಿದ್ರು. ಅದು ಸಣ್ಣ ಮರಿಗೆ ಮನೆಯೊಳಗೆ ಮೂತ್ರ ಮಾಡದ ಹಾಗೆ ಕಲಿಸುವಾಗ, ಮಲಗುವ ಒಂದೆರಡು ಗಂಟೆ ಮೊದಲು ಮಾಡುವ ಕ್ರಮ. ಪೆಟ್ಟಾದ ದೊಡ್ಡ ನಾಯಿಗೆ, ಏಪ್ರಿಲ್ ರಾತ್ರಿಗೆ, ಕರೆಂಟ್ ಹೋಗುವ ಊರಿನಲ್ಲಿ ಅದು ಬೇಡ. ರಾತ್ರಿಯೂ ಬಟ್ಟಲು ಇತ್ತು.

ಜಾಗ ಬದಲಾಯಿಸುದು ಮಾತ್ರ ಸುಲಭ ಆಗ್ಲಿಲ್ಲ. ನಾಯಿಗೆ ಬೆವರಿ ತಣ್ಣಗಾಗುವ ದಾರಿ ಇಲ್ಲ ಅಂತಲೇ ಹೇಳ್ಬಹುದು, ನಾಲಿಗೆ ಹೊರಗೆ ಹಾಕಿ ಏದುಸಿರು ಬಿಟ್ಟು ಬಾಯಿಯ ತೇವ ಆರಿಸಿಯೇ ಮೈ ತಂಪು ಮಾಡಬೇಕು, ಅಂದ್ರೆ ಪ್ರತಿ ಉಸಿರಿಗೂ ನೀರು ಖರ್ಚು. ನಮ್ಮ ಕರಾವಳಿಯ ಹವೆಯಲ್ಲಿ ತೇವ ಮೊದಲೇ ತುಂಬಿರ್ತದೆ, ಬಾಯಿಯ ನೀರು ಬೇಗ ಆರುದಿಲ್ಲ, ನಾಯಿ ಹೆಚ್ಚು ಹೊತ್ತು ಏದುಸಿರು ಬಿಡ್ತದೆ, ತಂಪು ಆಗುದು ಕಡಿಮೆ. ಶೀಟಿನ ಅಡಿ ಮಧ್ಯಾಹ್ನ ಎರಡು ಗಂಟೆಗೆ ನಿಂತು ನೋಡಿದ್ರೆ ನಮ್ಗೇ ತಲೆ ತಿರುಗುವ ಹಾಗಿತ್ತು. ಅಮ್ಮನಿಗೆ ನಾಯಿ ಚಾವಡಿಯ ಒಳಗೆ ಬರುದು ಮನಸ್ಸಿಗೆ ಒಪ್ಪುವ ವಿಷಯ ಅಲ್ಲ, ದೇವರ ಕೋಣೆ ಪಕ್ಕದಲ್ಲೇ. ಯಾರೂ ಒತ್ತಾಯ ಮಾಡ್ಲಿಲ್ಲ. ಆಸ್ಪತ್ರೆಯಿಂದ ಬಂದ ಎರಡು ದಿನದ ನಂತರ ಅವರೇ ಹೇಳಿದ್ರು, ಹಿಂದಿನ ಬದಿಯ ಭತ್ತದ ಕೋಣೆ ಖಾಲಿ ಉಂಟು, ಹಂಚಿನ ಮಾಡು, ತಂಪು, ಅಲ್ಲಿ ಇಡುವ ಅಂತ. ಅಲ್ಲಿಗೆ ಒಂದು ಟೇಬಲ್ ಫ್ಯಾನ್.

ಊಟವೂ ಬದಲಾಯ್ತು. ಡ್ರೈ ಫುಡ್ ನಿಲ್ಲಿಸ್ಲಿಲ್ಲ, ಅರ್ಧ ಗಂಟೆ ಬಿಸಿ ನೀರಲ್ಲಿ ನೆನೆಸಿ ಕೊಡುದು. ಮತ್ತೆ ಉಪ್ಪು ಹಾಕದ ಗಂಜಿ ತೆಳಿ. ಬೂತಾಯಿ ಬೇಯಿಸಿದ ನೀರು ಎರಡು ಚಮಚ ಕುಡಿಯುವ ನೀರಿಗೆ ಸೇರಿಸಿದ್ರೆ ಕರಿಯ ಬಟ್ಟಲು ನೆಕ್ಕಿ ಇಡ್ತಿತ್ತು, ಆದ್ರೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೇ ಬೇಯಿಸಿದ್ದಾಗಿರ್ಬೇಕು, ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ವಿಷ, ಮುಳ್ಳು ಸೋಸಿ ತೆಗೀಬೇಕು, ಮತ್ತೆ ಸೆಕೆಯಲ್ಲಿ ಮೀನಿನ ನೀರು ಬೇಗ ಹಾಳಾಗ್ತದೆ, ಕುಡಿಯದೇ ಉಳಿದದ್ದನ್ನು ಬೇಗ ಚೆಲ್ಲಿ ಪಕ್ಕದಲ್ಲಿ ಸಾದಾ ನೀರು ಯಾವಾಗಲೂ ಇರ್ಬೇಕು. ಬೊಂಡ, ಅಂದ್ರೆ ಎಳನೀರು, ಕೊಡುವ ಅಂತ ಅಮ್ಮನ ಆಸೆ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಕಿಡ್ನಿ ರಿಪೋರ್ಟ್ ಸರಿ ಬರುವ ತನಕ ಬೇಡ ಅಂತ ಡಾಕ್ಟ್ರು ಹೇಳಿದ್ರು.

ಒಂದು ವಾರದಲ್ಲಿ ಬಟ್ಟಲಿನಿಂದಲೇ ದಿನಕ್ಕೆ 600ರ ಹತ್ರ ಹೋಗ್ತಿತ್ತು, ಊಟದ್ದು ಬೇರೆ. ಕ್ರಿಯಾಟಿನಿನ್ ಇಳಿಯಿತು. ಅಮ್ಮ ಒಂದು ಹಳೇ ಕ್ಯಾಲೆಂಡರಿನ ಖಾಲಿ ಜಾಗದಲ್ಲಿ ಬರೆದಿಡ್ತಿದ್ರು, ಹಾಕಿದ್ದು ಎಷ್ಟು ಉಳಿದದ್ದು ಎಷ್ಟು, ಅಡುಗೆಯ ಅಳತೆ ಲೋಟದಲ್ಲಿ. ಇಷ್ಟಕ್ಕೇ ಮುಗಿದಿದ್ರೆ ಇದನ್ನು ಇಷ್ಟು ಉದ್ದ ಬರೆಯುವ ಅಗತ್ಯ ಇರ್ಲಿಲ್ಲ.

ಮೇ ಎರಡನೇ ವಾರ ಕ್ಯಾಲೆಂಡರಿನಲ್ಲಿ ನಂಬರ್ ಇಳಿಯಲಿಕ್ಕೆ ಸುರು. 600 ಇದ್ದದ್ದು 450, ಮತ್ತೆ 300. ಬಟ್ಟಲು ಅದೇ, ಜಾಗ ಅದೇ, ಕೋನ್ ಅಷ್ಟರಲ್ಲಿ ತೆಗೆದಾಗಿತ್ತು, ಹೊಲಿಗೆ ಒಣಗಿತ್ತು. ಕಾಯಿಲೆ ಇರ್ಬಹುದು ಅಂತ ಹೆದರಿಕೆ ಆಯ್ತು, ಜ್ವರ ನೋಡಿದ್ರೆ 101.5, ನಾಯಿಗೆ ಅದು ನಾರ್ಮಲ್. ಊಟ ಸರಿ ಮಾಡ್ತಿತ್ತು. ಬಟ್ಟಲಿನ ಹತ್ರ ಹೋಗುದು, ನಾಲ್ಕು ಸಲ ನಾಲಿಗೆ ಹಾಕುದು, ಬಿಡುದು.

ಅಕ್ಕ ಮಾತಿನ ನಡುವೆ ಹೇಳಿದ್ರು, ಈಗ ಕುಡಿಯಲಿಕ್ಕೆ ಕ್ಯಾನ್ ನೀರು ತರಿಸುದು, ಬಾವಿ ನೀರಲ್ಲಿ ಚಾ ಮಾಡಿದ್ರೆ ಉಪ್ಪುಪ್ಪು ಆಗ್ತದೆ ಅಂತ. ಸಮುದ್ರದ ಹತ್ರದ, ಹೊಳೆ ಬದಿಯ ಬಾವಿಗಳ ಕತೆ ಇಲ್ಲಿ ಎಲ್ಲರಿಗೂ ಗೊತ್ತುಂಟು, ಏಪ್ರಿಲ್ ಮೇಯಲ್ಲಿ ಸಿಹಿ ನೀರಿನ ಮಟ್ಟ ಇಳಿದ ಹಾಗೆ ಉಪ್ಪು ನೀರು ಒಳಗೆ ಬರ್ತದೆ. ಉಡುಪಿ ನಗರಕ್ಕೆ ಸ್ವರ್ಣಾ ನದಿಯ ಬಜೆ ಡ್ಯಾಮಿನಿಂದ, ಮಂಗಳೂರಿಗೆ ನೇತ್ರಾವತಿಯ ತುಂಬೆ ಡ್ಯಾಮಿನಿಂದ ನೀರು ಬರುದು, ಅಲ್ಲಿಯೂ ಮಳೆ ತಡ ಆದ್ರೆ ರೇಷನಿಂಗ್, 2019ರಲ್ಲಿ ಎರಡೂ ಕಡೆ ಎಷ್ಟು ಕಷ್ಟ ಆಯ್ತು ಅಂತ ನೆನಪಿರ್ಬಹುದು. ಈ ಮನೆಗೆ ನಳ್ಳಿ ಇಲ್ಲ, ಬಾವಿ ಮಾತ್ರ. ಮನೆಯವರು ಕ್ಯಾನ್‌ಗೆ ಹೋದ್ರು, ದನ ನಾಯಿ ಪಾತ್ರೆ ಬಟ್ಟೆ ಎಲ್ಲ ಬಾವಿ ನೀರಲ್ಲೇ ಮುಂದುವರಿಯಿತು. ಕ್ಯಾನ್ ನೀರಿಗೆ ದುಡ್ಡು ಕೊಡ್ಬೇಕು, ನಾಯಿಗೂ ಅದನ್ನೇ ಕೊಡುದು ಅಂತ ಯಾರಿಗೂ ಹೊಳೆಯುದಿಲ್ಲ, ಅದರಲ್ಲಿ ಅವರ ತಪ್ಪು ಎಂತದೂ ಇಲ್ಲ.

ಎರಡು ಒಂದೇ ಥರದ ಬಟ್ಟಲು ಪಕ್ಕ ಪಕ್ಕ ಹಾಕಿದ್ವಿ, ಒಂದರಲ್ಲಿ ಬಾವಿಯದ್ದು ಒಂದರಲ್ಲಿ ಕ್ಯಾನಿನದ್ದು. ಕರಿಯ ಎರಡನ್ನೂ ಮೂಸಿ ಕ್ಯಾನಿನದ್ದು ಖಾಲಿ ಮಾಡಿತು. ಬಟ್ಟಲುಗಳ ಜಾಗ ಅದಲು ಬದಲು ಮಾಡಿದ್ರೂ ಕ್ಯಾನಿನದ್ದೇ. ಅಲ್ಲಿಗೆ ಉತ್ತರ ಸಿಕ್ಕಿತು. ಮಳೆ ಬಂದು ಬಾವಿ ಸಿಹಿ ಆಗುವ ತನಕ ದಿನಕ್ಕೆ ಒಂದು ಲೀಟರ್ ಕ್ಯಾನ್ ನೀರು ಕರಿಯನಿಗೆ ಅಂತ ತೆಗೆದಿಟ್ರು. ಅಮ್ಮ ಒಂದು ಮಾತು ಹೇಳಿದ್ರು, ಬೀದಿಯಲ್ಲಿ ಇದ್ದಿದ್ರೆ ಅದು ಬೇರೆ ಎಲ್ಲಿಯಾದ್ರೂ ಹೋಗಿ ಕುಡೀತಿತ್ತು, ಗೂಡಲ್ಲಿ ಇಟ್ಟದ್ದು ನಾವು, ಹಾಗಾಗಿ ಅದಕ್ಕೆ ಬೇಕಾದ್ದು ನಾವೇ ಹುಡುಕಿ ತರ್ಬೇಕು ಅಂತ. ಕ್ರೇಟಿನಲ್ಲಿರುವ ನಾಯಿಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದರಷ್ಟು ಸರಿಯಾದ ಮಾತು ಇನ್ನೊಂದಿಲ್ಲ. ಬಿಟ್ಟ ನಾಯಿ ನೀರು ಇಷ್ಟ ಆಗದಿದ್ರೆ ಪಕ್ಕದ ಮನೆಗೆ ಹೋಗ್ತದೆ, ನೆರಳು ಹುಡುಕ್ತದೆ, ತೋಡಿನ ಬದಿಗೆ ಹೋಗ್ತದೆ. ಕ್ರೇಟಿನ ನಾಯಿಗೆ ಇರುದು ಒಂದು ಬಟ್ಟಲು, ಅದು ಸರಿ ಇಲ್ಲದಿದ್ರೆ ಸುಮ್ಮನೆ ಮಲಗ್ತದೆ, ಆ ಮಲಗಿದ್ದನ್ನು ನಾವು ರೆಸ್ಟ್ ಅಂತ ಓದ್ತೇವೆ.

ಆಪರೇಶನ್ ಆಗಿ ಎಂಟು ವಾರಕ್ಕೆ, ಮಳೆ ಹಿಡಿಯುವ ಮೊದಲು, ಎಕ್ಸ್‌ರೇ ತೆಗೆದ್ರು. ಮೂಳೆ ಕೂಡಿತ್ತು. ಕಿಡ್ನಿ ರಿಪೋರ್ಟ್ ನಾರ್ಮಲ್. ನಿಧಾನ ನಡೆಸ್ಲಿಕ್ಕೆ ಸುರು ಮಾಡಿ, ಕ್ರೇಟ್ ರಾತ್ರಿಗೆ ಮಾತ್ರ ಆಯ್ತು. ಆಮೇಲೆ ಮಳೆಗಾಲದ ಬೇರೆಯೇ ಚಿಂತೆ. ಭತ್ತದ ಕೋಣೆ ಅಂದ್ಮೇಲೆ ಇಲಿ ಹೆಗ್ಗಣ ಇದ್ದದ್ದೇ, ಇಲಿ ಮೂತ್ರ ಬಿದ್ದ ನೀರಿನಿಂದ ಇಲಿಜ್ವರ ನಾಯಿಗೂ ಬರ್ತದೆ, ನಾಯಿಯಿಂದ ಮನುಷ್ಯರಿಗೂ ಬರಬಹುದು, ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯಲ್ಲಿ ಮಳೆಗಾಲದಲ್ಲಿ ಅದು ಹೊಸ ವಿಷಯ ಅಲ್ಲ. ಬೆಳಿಗ್ಗೆ ಉಳಿದ ನೀರು ಚೆಲ್ಲಿ ಬಟ್ಟಲು ತಿಕ್ಕಿ ತೊಳೆದೇ ಹೊಸ ನೀರು, ಕರಿಯನಿಗೆ ಲೆಪ್ಟೋ (ಇಲಿಜ್ವರದ್ದು) ಸೇರಿದ ವ್ಯಾಕ್ಸಿನ್. ಸುಮ್ಮನೆ ಮೇಲಿಂದ ಮೇಲೆ ನೀರು ತುಂಬಿಸಿದ್ರೆ ಸಾಕಾಗುದಿಲ್ಲ, ಡೆಂಗ್ಯೂ ಸೊಳ್ಳೆ ಮೊಟ್ಟೆ ಪಾತ್ರೆಯ ಬದಿಗೆ ಅಂಟಿಸಿ ಇಡ್ತದೆ, ತಿಕ್ಕಲೇ ಬೇಕು.

ಕರಿಯ ಈಗ ಮಂಗಳೂರಿನ ಕಡೆ ಒಂದು ಮನೆಯಲ್ಲಿ ಉಂಟು. ಸ್ವಲ್ಪ ಕುಂಟ್ತದೆ.

ಈ ಕೇಸ್ ಆದ ಮೇಲೆ ನಮ್ಮಲ್ಲಿ ಕೆಲವು ಕ್ರಮ ಬದಲಾಯಿತು. ಕ್ರೇಟ್ ಕೊಡುವಾಗ ಅದರ ಜೊತೆ ಸ್ಕ್ರೂ ಬಟ್ಟಲು ಎರಡು, ಮರದ ತುಂಡು, ಅಳತೆ ಲೋಟ ಒಂದು ಹೋಗ್ತದೆ. ಮೊದಲ ದಿನ ಯಾರಾದ್ರೂ ಒಬ್ರು ಎದುರಲ್ಲಿ ಕೂತು ಕೋನ್ ಹಾಕಿದ ನಾಯಿ ನಿಜವಾಗಿ ಕುಡಿಯುದನ್ನು ಕಣ್ಣಾರೆ ನೋಡಿಯೇ ಹೊರಡ್ಬೇಕು, ಬಟ್ಟಲು ಇಟ್ಟು ಬರುವ ಹಾಗಿಲ್ಲ. ಒಸಡು ಮುಟ್ಟಿ ನೋಡುದು ಹೇಗೆ ಅಂತ ಮನೆಯವರಿಗೆ ನಮ್ಮ ಎದುರೇ ಮಾಡಿಸ್ತೇವೆ: ಜಾರಬೇಕು, ಒತ್ತಿ ಬಿಟ್ರೆ ಎರಡು ಸೆಕೆಂಡಿನೊಳಗೆ ಪುನಃ ಕೆಂಪು ಬರ್ಬೇಕು. ವಯಸ್ಸಾದ, ತೆಳ್ಳಗಿನ ನಾಯಿಯಲ್ಲಿ ಚರ್ಮ ಎತ್ತಿ ನೋಡುದನ್ನು ನಂಬ್ಲಿಕ್ಕೆ ಆಗುದಿಲ್ಲ, ಒಸಡೇ ಸರಿ. ಬೇಸಿಗೆಯಲ್ಲಾದ್ರೆ ಮನೆಯವರು ಯಾವ ನೀರು ಕುಡಿಯುದು, ನಾಯಿಗೆ ಯಾವುದು ಅಂತ ಕೇಳ್ತೇವೆ. ನೋವಿನ ಔಷಧಿ ಚೀಟಿ ಇದ್ರೆ, ನಾಯಿ ನೀರು ಬಿಟ್ರೆ ಇದನ್ನು ಮುಂದುವರಿಸುದಾ ನಿಲ್ಲಿಸುದಾ ಅಂತ ಡಾಕ್ಟ್ರ ಹತ್ರ ಮೊದಲೇ ಕೇಳಿ ಚೀಟಿಯ ಮೇಲೆಯೇ ಬರೆಸಿಕೊಳ್ತೇವೆ.

ಮಧ್ಯಾಹ್ನ ಯಾರೂ ಇಲ್ಲದ ಮನೆಗೆ ಬೇಸಿಗೆಯಲ್ಲಿ ಕ್ರೇಟ್ ರೆಸ್ಟ್ ನಾಯಿ ಕಳಿಸುದಿಲ್ಲ ಅಂತ ಕೂಡ ತೀರ್ಮಾನ ಮಾಡಿದ್ದೇವೆ. ಇದರಿಂದ ಕಷ್ಟ ಉಂಟು, ಮನೆಗಳೇ ಸಿಗುದಿಲ್ಲ, ಇಬ್ಬರೂ ಕೆಲಸಕ್ಕೆ ಹೋಗುವ ಒಳ್ಳೆಯ ಮನಸ್ಸಿನವರಿಗೆ ಬೇಡ ಅಂತ ಹೇಳ್ಬೇಕಾಗ್ತದೆ, ಕೆಲವರಿಗೆ ಬೇಜಾರಾಗಿದೆ. ಅವರಿಗೆ ಹೇಳುದು ಇಷ್ಟು, ಮಧ್ಯಾಹ್ನ ಒಂದು ಸಲ ಬಂದು ನೀರು ಬದಲಾಯಿಸಿ ಹೊರಗೆ ಕರ್ಕೊಂಡು ಹೋಗುವ ಒಬ್ಬರನ್ನು ಪಕ್ಕದ ಮನೆಯಿಂದಲಾದ್ರೂ ಗೊತ್ತು ಮಾಡಿ, ನಾಯಿಯನ್ನು ಅದೇ ದಿನ ತಂದು ಬಿಡ್ತೇವೆ.